ಯೋಜನಕ್ಕೆ ಎಷ್ಟು ಕಿಲೋಮೀಟರ್ ಎಂದು ಕೇಳುವ ಮುನ್ನ

ವಿಜ್ಞಾನ ದಿನಕ್ಕೆಂದು ನೀನು ಮಕ್ಕಳಿಗೆ ಬರೆದ ಲೇಖನ ಓದಿದೆನಮ್ಮ. "ದೊಡ್ಡಪ್ಪ, ಲೆಕ್ಕ ಒಮ್ಮೆ ನೋಡಿಕೊಡಿ" ಅಂದಿದ್ದೆಯಲ್ಲ, ಕೂತು ನೋಡಿದೆ. ಬರವಣಿಗೆ ಸರಾಗವಾಗಿದೆ, ಎಂಟನೇ ತರಗತಿಯ ಹುಡುಗರಿಗೂ ತಿಳಿಯುವ ಹಾಗಿದೆ. ಒಂದು ವಾಕ್ಯದ ಹತ್ತಿರ ಮಾತ್ರ ನನ್ನ ಪೆನ್ಸಿಲ್ ನಿಂತಿತು. ಆರ್ಯಭಟ ಭೂಮಿಯ ಸುತ್ತಳತೆ 4,967 ಯೋಜನ ಎಂದು ಹೇಳಿದ್ದ, ಅದು 39,968 ಕಿಲೋಮೀಟರ್, ಇವತ್ತಿನ ಲೆಕ್ಕಕ್ಕೂ ಅದಕ್ಕೂ ವ್ಯತ್ಯಾಸ ಶೇಕಡಾ ಅರ್ಧವೂ ಇಲ್ಲ ಎಂದು ಬರೆದಿದ್ದೀಯ.

ಈ ವಾಕ್ಯ ನೀನು ಕಟ್ಟಿದ್ದಲ್ಲ ಎಂದು ನನಗೆ ಗೊತ್ತು. ರಸಪ್ರಶ್ನೆ ಪುಸ್ತಕಗಳಲ್ಲಿ, ಭಾಷಣಗಳಲ್ಲಿ, ಮೊಬೈಲಿಗೆ ಬರುವ ಸಂದೇಶಗಳಲ್ಲಿ ಅದು ಎಷ್ಟೋ ವರ್ಷದಿಂದ ಓಡಾಡುತ್ತಿದೆ. ಅಷ್ಟು ಸಲ ಕಿವಿಗೆ ಬಿದ್ದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೂ ಆ ಸಂಖ್ಯೆಯನ್ನು ಹಿಡಿದು ಹಿಂದಕ್ಕೆ ಹೋಗಿ ನೋಡು. 39,968 ಕಿಲೋಮೀಟರನ್ನು ಮೈಲಿ ಮಾಡಿದರೆ 24,835 ಬರುತ್ತದೆ. ಅದನ್ನು 4,967ರಿಂದ ಭಾಗಿಸು. ಸರಿಯಾಗಿ 5. ಅಂದರೆ ಯಾರೋ ಒಬ್ಬರು ಯೋಜನಕ್ಕೆ 5 ಮೈಲಿ ಎಂದು ಇಟ್ಟುಕೊಂಡು ಗುಣಿಸಿದ್ದಾರೆ. ಆ 5 ಎಲ್ಲಿಂದ ಬಂತು ಎಂದು ಮಾತ್ರ ಎಲ್ಲೂ ಬರೆದಿಲ್ಲ.

ಇನ್ನೊಂದು ವಿಷಯ. 4,967 ಆರ್ಯಭಟನ ಸಂಖ್ಯೆಯೇ ಅಲ್ಲ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಭೂಮಿಯ ವ್ಯಾಸ 1,050 ಯೋಜನ ಎಂದಿದೆ. ಅವನೇ ಕೊಟ್ಟ 62,832ಕ್ಕೆ 20,000 ಎಂಬ ಪ್ರಮಾಣದಿಂದ, ಅಂದರೆ 3.1416ರಿಂದ, ಸುತ್ತಳತೆ ತೆಗೆದರೆ ಸುಮಾರು 3,299 ಯೋಜನ. 4,967 ಯೋಜನದ ಸುತ್ತಳತೆಯೂ 1,581 ಮತ್ತು 24ನೇ ಒಂದು ಭಾಗ ಯೋಜನದ ವ್ಯಾಸವೂ ಎರಡನೆಯ ಭಾಸ್ಕರನ ಸಿದ್ಧಾಂತ ಶಿರೋಮಣಿಯಲ್ಲಿ ಬರುತ್ತವೆ. ಅದು 1150ರ ಗ್ರಂಥ. ಇಬ್ಬರ ನಡುವೆ 650 ವರ್ಷಗಳ ಅಂತರ. ಸಂದೇಶ ಬರೆದವರು ಭಾಸ್ಕರನ ಅಳತೆಯನ್ನು ಎತ್ತಿ ಆರ್ಯಭಟನ ಹೆಸರಿಗೆ ಬರೆದುಬಿಟ್ಟರು. ಅದೇ 5 ಮೈಲಿಯ ಯೋಜನವನ್ನು ಆರ್ಯಭಟನ ನಿಜವಾದ ಸಂಖ್ಯೆಗೆ ಹಚ್ಚಿದರೆ ಸುತ್ತಳತೆ ಸುಮಾರು 16,500 ಮೈಲಿ, 26,500 ಕಿಲೋಮೀಟರಿನಷ್ಟು ಆಗುತ್ತದೆ. ಆಗ ಅವನು ಮೂರನೇ ಒಂದು ಪಾಲು ತಪ್ಪಿದ ಎಂದು ಬರೆಯಬೇಕಾಗುತ್ತದೆ. ಅದೂ ಅನ್ಯಾಯವೇ.

ಹಾಗಾದರೆ ಯೋಜನಕ್ಕೆ ನಿಜವಾಗಿ ಎಷ್ಟು ಎಂದು ನೀನು ಕೇಳುತ್ತೀಯ. ಗ್ರಂಥಗಳು ಹೇಳುವುದನ್ನೇ ಮೊದಲು ನೋಡೋಣ. ಆರ್ಯಭಟನ ಪ್ರಕಾರ ಒಬ್ಬ ಮನುಷ್ಯನ ಎತ್ತರ 4 ಹಸ್ತ, ಅಂದರೆ 96 ಅಂಗುಲ. ಅಂಥ 8,000 ಎತ್ತರಗಳು ಸೇರಿದರೆ ಒಂದು ಯೋಜನ. ಭಾಸ್ಕರನ ಲೀಲಾವತಿಯಲ್ಲಿ 8 ಜವೆಗೋಧಿ ಕಾಳಿನ ಅಗಲ ಒಂದು ಅಂಗುಲ, 24 ಅಂಗುಲ ಒಂದು ಹಸ್ತ, 4 ಹಸ್ತ ಒಂದು ದಂಡ, 2,000 ದಂಡ ಒಂದು ಕ್ರೋಶ, 4 ಕ್ರೋಶ ಒಂದು ಯೋಜನ. ಯಾವುದನ್ನು ಲೆಕ್ಕ ಹಾಕಿ ನೋಡಿದರೂ ಯೋಜನಕ್ಕೆ 32,000 ಹಸ್ತವೇ. ಕೋಷ್ಟಕ ಒಂದೇ. ಆದರೂ ಒಬ್ಬನಿಗೆ ಭೂಮಿಯ ವ್ಯಾಸ 1,050, ಇನ್ನೊಬ್ಬನಿಗೆ 1,581.

ಹಸ್ತಕ್ಕೆ ಒಂದೂವರೆ ಅಡಿ ಎಂದು ಹಿಡಿದರೆ ಯೋಜನ 14.6 ಕಿಲೋಮೀಟರ್ ಆಗುತ್ತದೆ. ಆಗ ಆರ್ಯಭಟನ ಭೂಮಿಯ ವ್ಯಾಸ ಸುಮಾರು 15,400 ಕಿಲೋಮೀಟರ್, ಭಾಸ್ಕರನದು 23,000ದ ಮೇಲೆ. ನಿಜವಾದ ವ್ಯಾಸ 12,742. ಒಂದೇ ಮೊಳ ಇಬ್ಬರಿಗೂ ಹೊಂದುವುದಿಲ್ಲ. ಹಾಗೆಂದು ಇಬ್ಬರಲ್ಲಿ ಒಬ್ಬರು ದಡ್ಡರು ಎಂದಲ್ಲ. ಆ ಕಾಲದ ಅಂಗುಲ ಕಾಳಿನ ಅಗಲದ ಮೇಲೆ ನಿಂತದ್ದು, ಬೆರಳಿನ ಮೇಲೆ ನಿಂತದ್ದು. ಯೋಜನವೊಂದಕ್ಕೆ 7,68,000 ಅಂಗುಲ. ಅಂಗುಲದಲ್ಲಿ ಒಂದೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಯೋಜನ 768 ಮೀಟರ್ ಬದಲಾಗುತ್ತದೆ. ಆರ್ಯಭಟನ ಭೂಮಿಯ ವ್ಯಾಸ 800 ಕಿಲೋಮೀಟರ್ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಒಂದು ಮಿಲಿಮೀಟರನ್ನು ಎಂಟು ಕಾಳಿಗೆ ಹಂಚಿದರೆ ಕಾಳಿಗೆ ಎಂಟನೇ ಒಂದು ಮಿಲಿಮೀಟರ್. ಮಳೆ ಚೆನ್ನಾಗಿ ಆದ ವರ್ಷದ ಕಾಳಿಗೂ ಬರದ ವರ್ಷದ ಕಾಳಿಗೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ನಮ್ಮ ಶಾಸನ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಭೂಮಿ ದಾನ ಕೊಟ್ಟಾಗ ಇಷ್ಟು ಮತ್ತರು ಎಂದು ಬರೆದು ಸುಮ್ಮನಾಗದೆ, ಯಾವ ಗಳೆಯಿಂದ, ಅಂದರೆ ಯಾವ ಅಳತೆಕೋಲಿನಿಂದ, ಅಳೆದದ್ದು ಎಂದೂ ಎಷ್ಟೋ ಕಡೆ ಕೆತ್ತಿಸಿದ್ದಾರೆ. ಬಳ್ಳಿಗಾವೆಯ ಸೀಮೆಯಲ್ಲಿ ಭೇರುಂಡ ಗಳೆ ಎಂಬ ಹೆಸರು ಸಿಗುತ್ತದೆ. ಕೋಲು ಊರಿಂದ ಊರಿಗೆ ಬದಲಾಗುತ್ತದೆ, ಕೋಲಿನ ಹೆಸರಿಲ್ಲದ ಸಂಖ್ಯೆ ನಾಳೆ ಜಗಳಕ್ಕೆ ದಾರಿ ಎಂಬ ಎಚ್ಚರ ಅವರಿಗಿತ್ತು. ನಿನ್ನ ಲೇಖನದಲ್ಲೂ ಅಷ್ಟು ಎಚ್ಚರ ಇರಲಿ ಎಂಬುದೇ ನಾನು ಹೇಳಬೇಕೆಂದಿರುವ ಮಾತು. ಹಳೆಯ ಸಂಖ್ಯೆಯ ಪಕ್ಕದಲ್ಲಿ ಕಿಲೋಮೀಟರ್ ಬರೆಯುವ ಮೊದಲು, ಯಾರ ಗ್ರಂಥ, ಯಾವ ಕೋಲು ಎಂದು ಕೇಳು. ಕೋಲು ಗೊತ್ತಿಲ್ಲ ಅನ್ನುವಾಗ ಕಿಲೋಮೀಟರಿಗೆ ಹೋಗಲೇಬೇಡ. ಅದೇ ಗ್ರಂಥದ ಇನ್ನೊಂದು ಅಳತೆಯಿಂದ ಭಾಗಿಸು.

ಹೀಗೆ ಮಾಡಿದರೆ ಏನು ಸಿಗುತ್ತದೆ ಎಂದು ತೋರಿಸುತ್ತೇನೆ. ನನಗಂತೂ ಇದು ಎಷ್ಟು ಸಲ ಮಾಡಿದರೂ ಬೇಸರ ಬಾರದ ಲೆಕ್ಕ. ಚಂದ್ರನ ದೂರ ತೆಗೆದುಕೋ. ಆರ್ಯಭಟನ ಲೆಕ್ಕದಲ್ಲಿ ಅದು 34,380 ಯೋಜನ. ಸೂರ್ಯಸಿದ್ಧಾಂತ ಎಂಬ ಗ್ರಂಥದಲ್ಲಿ 51,570. ಭಾಸ್ಕರನಲ್ಲಿ 51,566. ಮೇಲ್ನೋಟಕ್ಕೆ ಆರ್ಯಭಟನಿಗೂ ಉಳಿದಿಬ್ಬರಿಗೂ ಭಾರಿ ಜಗಳ ಇದ್ದಂತೆ ಕಾಣುತ್ತದೆ. ಈಗ ಪ್ರತಿಯೊಂದನ್ನೂ ಅದೇ ಗ್ರಂಥದ ಭೂವ್ಯಾಸದಿಂದ ಭಾಗಿಸು. ಆರ್ಯಭಟ: 34,380 ಭಾಗಿಸು 1,050, ಬಂದದ್ದು 32.7. ಸೂರ್ಯಸಿದ್ಧಾಂತ: 51,570 ಭಾಗಿಸು 1,600, ಬಂದದ್ದು 32.2. ಭಾಸ್ಕರ: 51,566 ಭಾಗಿಸು 1,581, ಬಂದದ್ದು 32.6. ಜಗಳವೇ ಇಲ್ಲ! ಚಂದ್ರ ಇರುವುದು ಮೂವತ್ತೆರಡು ಮೂವತ್ತಮೂರು ಭೂಮಿಗಳನ್ನು ಸಾಲಾಗಿ ಇಟ್ಟಷ್ಟು ದೂರದಲ್ಲಿ ಎಂದು ಮೂವರೂ ಒಂದೇ ದನಿಯಲ್ಲಿ ಹೇಳುತ್ತಿದ್ದಾರೆ. ಇವತ್ತಿನ ಅಳತೆ 3,84,400 ಭಾಗಿಸು 12,742, ಅಂದರೆ 30.2. ದೂರದರ್ಶಕವಿಲ್ಲದ ಕಾಲದಲ್ಲಿ, ಗ್ರಹಣ ನೋಡಿ, ನೆರಳು ಅಳೆದು ಇಷ್ಟು ಹತ್ತಿರ ಬಂದಿದ್ದಾರೆ. ಇದನ್ನು ಹೇಳುವುದಕ್ಕೆ ಯೋಜನಕ್ಕೆ ಎಷ್ಟು ಮೈಲಿ ಎಂಬುದು ಬೇಕಾಗಲೇ ಇಲ್ಲ ನೋಡು.

ಇನ್ನೂ ಒಂದು ಗುಟ್ಟು ಇದರೊಳಗೇ ಇದೆ. ಚಂದ್ರನ ಕಕ್ಷೆಯಲ್ಲಿ ಒಂದು ಕಲೆಗೆ, ಅಂದರೆ ವೃತ್ತದ 21,600ನೇ ಒಂದು ಭಾಗಕ್ಕೆ, ಆರ್ಯಭಟ 10 ಯೋಜನ ಇಟ್ಟ. ಸೂರ್ಯಸಿದ್ಧಾಂತ 15 ಇಟ್ಟಿತು. ಕಕ್ಷೆ ಒಂದರಲ್ಲಿ 2,16,000, ಇನ್ನೊಂದರಲ್ಲಿ 3,24,000. ಸೂರ್ಯಸಿದ್ಧಾಂತದ ಯೋಜನ ಆರ್ಯಭಟನ ಯೋಜನದ ಮೂರನೇ ಎರಡರಷ್ಟು ಎಂದು ಇದರಿಂದಲೇ ಊಹಿಸಬಹುದು. ಭೂಮಿಯ ವ್ಯಾಸಗಳೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿವೆ. ಈ ಎರಡೂ ಗ್ರಂಥಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹಾಕಿ, ಮೇಲೆ "1 ಯೋಜನ = ಇಷ್ಟು ಕಿ.ಮೀ." ಎಂದು ಬರೆದರೆ ಒಂದು ಕಾಲಮ್ಮಾದರೂ ತಪ್ಪಾಗದೆ ಇರದು.

ಆರ್ಯಭಟ ಚಂದ್ರನ ದೂರಕ್ಕೆ ಹೇಗೆ ಬಂದ ಎಂಬುದನ್ನು ಮಕ್ಕಳಿಗೆ ತಪ್ಪದೆ ಹೇಳು. ವೃತ್ತದ ಸುತ್ತು 21,600 ಕಲೆ ಎಂದುಕೊಂಡರೆ ಅದರ ತ್ರಿಜ್ಯ 3,438 ಕಲೆ. ಅವನ ಜ್ಯಾ ಕೋಷ್ಟಕ ನಿಂತಿರುವುದೇ ಈ 3,438ರ ಮೇಲೆ. ಒಂದು ಕಲೆಗೆ 10 ಯೋಜನವಾದರೆ ತ್ರಿಜ್ಯ 34,380 ಯೋಜನ, ಮುಗಿಯಿತು. ಈಗ ನಿನ್ನ ಲೇಖನದ ಕೊನೆಯಲ್ಲಿ ಪಾರ್ಸೆಕ್ ಬಗ್ಗೆ ಬರೆದಿದ್ದೀಯಲ್ಲ, ಒಂದು ಪಾರ್ಸೆಕ್‌ಗೆ 2,06,265 ಖಗೋಳಮಾನ (ಭೂಮಿಯಿಂದ ಸೂರ್ಯನಿಗೆ ಇರುವ ಸರಾಸರಿ ದೂರ) ಎಂದು, ಆ ಸಂಖ್ಯೆಯ ಪಕ್ಕದಲ್ಲಿ ಈ 3,438 ಇಟ್ಟು ನೋಡು. ಕಲೆಯನ್ನು ವಿಕಲೆ ಮಾಡಲು 60ರಿಂದ ಗುಣಿಸು: 2,06,280. ಎರಡೂ ಒಂದೇ ಸಂಖ್ಯೆ! 3,438 ಪೂರ್ಣಾಂಕಕ್ಕೆ ತಂದದ್ದರಿಂದ ಕೊನೆಯಲ್ಲಿ 15 ಹೆಚ್ಚು ಬಂತು, ಅಷ್ಟೇ. ಭೂಮಿಯಿಂದ ಸೂರ್ಯನವರೆಗಿನ ದೂರವನ್ನು ಒಂದು ವಿಕಲೆಯ ಕೋನದಲ್ಲಿ ಕಾಣಬೇಕಾದರೆ ಎಷ್ಟು ದೂರ ಹೋಗಿ ನಿಲ್ಲಬೇಕೋ ಅದು ಪಾರ್ಸೆಕ್. ಹತ್ತು ಯೋಜನವನ್ನು ಒಂದು ಕಲೆಯ ಕೋನದಲ್ಲಿ ಕಾಣುವಷ್ಟು ದೂರ ಆರ್ಯಭಟನ ಚಂದ್ರನದು. ಉಪಾಯ ಒಂದೇ. ಪಾರ್ಸೆಕ್ ಎಂಬ ಹೆಸರನ್ನು 1913ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಹಾಲ್ ಟರ್ನರ್ ಸೂಚಿಸಿದ. ಹದಿನಾಲ್ಕು ಶತಮಾನ ಹಿಂದೆ ಅದೇ ಜ್ಯಾಮಿತಿಯನ್ನು ಬಳಸಿದವನ ಬಗ್ಗೆ ಹೇಳಲು ಇಷ್ಟು ಗಟ್ಟಿಯಾದ ಮಾತು ಇರುವಾಗ 39,968ರ ಆಸರೆ ನಮಗೇಕೆ?

ಸೂರ್ಯನ ವಿಷಯಕ್ಕೆ ಬಂದರೆ ಭಾಗಾಕಾರ ಅಷ್ಟೇ ನಿಷ್ಠುರವಾಗಿ ಸತ್ಯ ಹೇಳುತ್ತದೆ. ಆರ್ಯಭಟನಲ್ಲಿ ಸೂರ್ಯನ ದೂರ ಭೂವ್ಯಾಸದ ಸುಮಾರು 438 ಪಟ್ಟು, ಸೂರ್ಯಸಿದ್ಧಾಂತದಲ್ಲಿ 431 ಪಟ್ಟು. ನಿಜವಾದದ್ದು 11,700 ಪಟ್ಟಿಗೂ ಹೆಚ್ಚು. ಅಂದರೆ 27 ಪಟ್ಟು ಕಡಿಮೆ. ಇದನ್ನೂ ಬರೆ, ಮುಚ್ಚಬೇಡ. ಕಾರಣವನ್ನೂ ಬರೆ: ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮನಾದ ಯೋಜನಗಳನ್ನು ನಡೆಯುತ್ತವೆ ಎಂದು ಅವರು ಇಟ್ಟುಕೊಂಡಿದ್ದರು. ಚಂದ್ರನಿಗಿಂತ ಸೂರ್ಯ ಆಕಾಶದಲ್ಲಿ 13.37 ಪಟ್ಟು ನಿಧಾನ. ಹಾಗಾಗಿ ಅವನು 13.37 ಪಟ್ಟು ದೂರ ಇರಬೇಕು ಎಂಬ ತರ್ಕ. ವಾಸ್ತವದಲ್ಲಿ 389 ಪಟ್ಟು ದೂರ. ಸೂರ್ಯನ ದೂರವನ್ನು ನೇರವಾಗಿ ಹಿಡಿಯಲು ಬೇಕಾದ ಕೋನ 8.8 ವಿಕಲೆ, ಬರಿಗಣ್ಣಿಗೆ ಒಂದು ಕಲೆಯನ್ನು ಬೇರ್ಪಡಿಸುವುದೇ ಕಷ್ಟ. ಗ್ರೀಕರ ಟಾಲೆಮಿಯೂ ಸೂರ್ಯನ ದೂರ 1,210 ಭೂತ್ರಿಜ್ಯ, ಅಂದರೆ 605 ಭೂವ್ಯಾಸ ಎಂದೇ ನಂಬಿದ್ದ. ಅವನೂ ಬಹಳ ಕಡಿಮೆ ಹೇಳಿದ್ದ.

ಈಗ ಆ ಮೊಬೈಲ್ ಸಂದೇಶಗಳ ಮಾತು. ನಿನ್ನ ಸಹೋದ್ಯೋಗಿಗಳೂ ಮಕ್ಕಳ ತಂದೆತಾಯಂದಿರೂ ಕೇಳಿಯೇ ಕೇಳುತ್ತಾರೆ, ಉತ್ತರ ಸಿದ್ಧವಿರಲಿ. ಹನುಮಾನ್ ಚಾಲೀಸಾದಲ್ಲಿ ಸೂರ್ಯನ ದೂರ ಅಡಗಿದೆ ಎಂದು ಒಂದು ಸಂದೇಶ ಬರುತ್ತದೆ. ಅಲ್ಲಿ ಬರುವ ಯುಗ ಎಂಬ ಮಾತಿಗೆ 12,000, ಅದಕ್ಕೆ ಸಾವಿರದ ಗುಣಕ, ಅದಕ್ಕೆ ಯೋಜನದ 8 ಮೈಲಿ, ಒಟ್ಟು 9 ಕೋಟಿ 60 ಲಕ್ಷ ಮೈಲಿ. ನಿಜವಾದ ಸರಾಸರಿ ದೂರ ಸುಮಾರು 9 ಕೋಟಿ 30 ಲಕ್ಷ ಮೈಲಿ. ಹತ್ತಿರ ಬಂತು ಎಂದು ಸಂತೋಷ. ಆದರೆ ಸೂರ್ಯನ ದೂರವನ್ನು ನಿಜವಾಗಿ ಯೋಜನದಲ್ಲಿ ಲೆಕ್ಕ ಹಾಕಿದ ಸೂರ್ಯಸಿದ್ಧಾಂತ 6 ಲಕ್ಷ 89 ಸಾವಿರ ಯೋಜನ ಎನ್ನುತ್ತದೆ. ಅದೇ 8 ಮೈಲಿ ಹಚ್ಚಿದರೆ 55 ಲಕ್ಷ ಮೈಲಿ ಮಾತ್ರ. ಇನ್ನೊಂದು ಸಂದೇಶ ನಮ್ಮ ವಿಜಯನಗರದ ಸಾಯಣನದು. ಹದಿನಾಲ್ಕನೇ ಶತಮಾನದಲ್ಲಿ ಬುಕ್ಕರಾಯನ ಆಸ್ಥಾನದಲ್ಲಿದ್ದ ಆ ಮಹಾಪಂಡಿತ ಋಗ್ವೇದದ ಮೊದಲ ಮಂಡಲದ ಸೂರ್ಯಸೂಕ್ತಕ್ಕೆ ಭಾಷ್ಯ ಬರೆಯುವಾಗ, ಸೂರ್ಯ ಅರ್ಧ ನಿಮೇಷದಲ್ಲಿ 2,202 ಯೋಜನ ಸಾಗುತ್ತಾನೆ ಎಂಬ ಪರಂಪರೆಯ ಮಾತೊಂದನ್ನು ನೆನೆಯುತ್ತಾನೆ. ಇದೇ ಬೆಳಕಿನ ವೇಗ ಎಂದು ಸಂದೇಶ ಹೇಳುತ್ತದೆ. ಅಲ್ಲಿ ಯೋಜನಕ್ಕೆ 9 ಮೈಲಿ ಚಿಲ್ಲರೆ, ನಿಮೇಷಕ್ಕೆ ದಿನದ 4,05,000ನೇ ಒಂದು ಭಾಗ ಎಂದು ಹಿಡಿದರೆ ಸೆಕೆಂಡಿಗೆ 1,86,000 ಮೈಲಿಯ ಆಸುಪಾಸು ಬರುತ್ತದೆ, ನಿಜ. ಆದರೆ ಭಾಸ್ಕರನ ಕೋಷ್ಟಕದಲ್ಲಿ ದಿನಕ್ಕೆ 9,72,000 ನಿಮೇಷ. ಅದನ್ನು ಹಿಡಿದರೆ ವೇಗ ಎರಡೂವರೆ ಪಟ್ಟು ಹತ್ತಿರ ಏರುತ್ತದೆ. ಭಾಷ್ಯದ ಆ ಮಾತಾದರೂ ಸೂರ್ಯನ ಚಲನೆಯನ್ನು ಕುರಿತದ್ದು.

ಮೂರನ್ನೂ ಒಂದು ಹಾಳೆಯ ಮೇಲೆ ಬರೆದುಕೋ. ಭೂಮಿಯ ಸುತ್ತಳತೆಗೆ ಯೋಜನ 5 ಮೈಲಿ. ಸೂರ್ಯನ ದೂರಕ್ಕೆ 8 ಮೈಲಿ. ಬೆಳಕಿಗೆ 9. ಮುಖ ನೋಡಿ ಮಣೆ ಹಾಕಿದ ಹಾಗೆ, ಉತ್ತರ ನೋಡಿ ಕೋಲನ್ನು ಆರಿಸಿದ್ದಾರೆ. ಹೀಗೆ ಕೋಲನ್ನು ಉದ್ದ ಗಿಡ್ಡ ಮಾಡುವ ಸ್ವಾತಂತ್ರ್ಯ ಇದ್ದರೆ ಯಾವ ಹಳೆಯ ಸಂಖ್ಯೆಯಿಂದ ಬೇಕಾದರೂ ಯಾವ ಹೊಸ ಸಂಖ್ಯೆಯನ್ನು ಬೇಕಾದರೂ ತೆಗೆಯಬಹುದು. ಇದನ್ನು ಹೇಳುವಾಗ ದನಿ ಮೃದುವಾಗಿರಲಿ. ಬೆಳಿಗ್ಗೆ ಎದ್ದು ಚಾಲೀಸಾ ಹೇಳುವ ಅಜ್ಜಿಯ ಭಕ್ತಿ ಮೈಲಿಗಳ ಮೇಲೆ ನಿಂತಿಲ್ಲ, ಸಾಯಣನ ದೊಡ್ಡತನವೂ ನಿಂತಿಲ್ಲ. ಅವರನ್ನು ಗೌರವಿಸಿಕೊಂಡೇ ಲೆಕ್ಕ ತಪ್ಪು ಎಂದು ಹೇಳಬಹುದು. ಹೇಳದೆ ಬಿಟ್ಟರೆ ಮುಂದೆ ಒಬ್ಬ ಹುಡುಗ ಕಾಲೇಜಿಗೆ ಹೋಗಿ ಅದು ತಪ್ಪೆಂದು ತಿಳಿದ ದಿನ, ಆರ್ಯಭಟನ 32.7 ಕೂಡ ಸುಳ್ಳಿರಬೇಕು ಎಂದುಕೊಳ್ಳುತ್ತಾನೆ. ನನಗೆ ಭಯವಿರುವುದು ಅದರ ಬಗ್ಗೆ.

ಉತ್ತರ ನೋಡಿ ಕೋಲು ಆರಿಸುವುದು ನಮ್ಮವರಿಗೆ ಮಾತ್ರ ಅಂಟಿದ ಚಾಳಿ ಎಂದೂ ತಿಳಿಯಬೇಡ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಸೈಯೀನಿಗೂ ಅಲೆಕ್ಸಾಂಡ್ರಿಯಾಗೂ ನಡುವಿನ ಕೋನ ವೃತ್ತದ 50ನೇ ಒಂದು ಭಾಗ, ದೂರ 5,000 ಸ್ಟೇಡಿಯ ಎಂದು ಹಿಡಿದು ಭೂಮಿಯ ಸುತ್ತಳತೆ 2,50,000 ಸ್ಟೇಡಿಯ ಎಂದ. ಅದು 2,52,000 ಎಂದೂ ದಾಖಲಾಗಿದೆ. ಈ ಎರಡನೇ ಸಂಖ್ಯೆ ತೆಗೆದುಕೊಂಡು ಸ್ಟೇಡಿಯಕ್ಕೆ 157.5 ಮೀಟರ್ ಎಂದು ಹಿಡಿದವರು 39,690 ಕಿಲೋಮೀಟರ್ ತೆಗೆದು ಬೆರಗಾಗುತ್ತಾರೆ. ಅಥೆನ್ಸಿನ 185 ಮೀಟರಿನ ಸ್ಟೇಡಿಯ ಹಿಡಿದವರಿಗೆ 46,620 ಸಿಗುತ್ತದೆ. ಯುರೋಪಿನ ಎಷ್ಟೋ ಪುಸ್ತಕಗಳು ಮೊದಲನೆಯದನ್ನೇ ಆರಿಸಿ ಮುಂದೆ ಹೋಗುತ್ತವೆ. ಆ 50ನೇ ಒಂದು ಭಾಗ ಆಕಾಶ ನೋಡಿ ಬಂದದ್ದು, ಅದಕ್ಕೆ ಯಾವ ಕೋಲೂ ಬೇಡ. ಭಾಸ್ಕರನೂ ಸಿದ್ಧಾಂತ ಶಿರೋಮಣಿಯ ಗೋಲಾಧ್ಯಾಯದಲ್ಲಿ ಇದೇ ದಾರಿ ಹೇಳಿದ್ದಾನೆ: ಉತ್ತರ ದಕ್ಷಿಣವಾಗಿ ಇರುವ ಎರಡು ಊರುಗಳ ಅಕ್ಷಾಂಶದ ಅಂತರ ಅಳೆ, ನಡುವಿನ ಯೋಜನ ಎಣಿಸು, ತ್ರೈರಾಶಿಯಿಂದ ಇಡೀ ವೃತ್ತಕ್ಕೆ ಎಷ್ಟು ಎಂದು ತೆಗೆ. ಉಜ್ಜಯಿನಿ ಭೂಮಧ್ಯರೇಖೆಯಿಂದ ಪರಿಧಿಯ 16ನೇ ಒಂದು ಭಾಗದಷ್ಟು ಉತ್ತರಕ್ಕಿದೆ ಎನ್ನುತ್ತಾನೆ. ಅಂದರೆ 22.5 ಡಿಗ್ರಿ, ಇವತ್ತಿನ ನಕ್ಷೆಯಲ್ಲಿ ಉಜ್ಜಯಿನಿ 23.2 ಡಿಗ್ರಿಯ ಹತ್ತಿರ. ಎರಡೂ ಕಥೆಗಳನ್ನು ಅಕ್ಕಪಕ್ಕ ಇಟ್ಟು ಬರೆದರೆ ಮಕ್ಕಳಿಗೆ ಎಷ್ಟು ಚೆನ್ನಾಗಿರುತ್ತದೆ!

ಮೈಲಿ ಎಂಬುದೂ ನಂಬಿಗಸ್ತ ಅಲ್ಲ. ಅರಬ್ಬರ ಮೈಲಿ ಎರಡು ಕಿಲೋಮೀಟರಿನ ಹತ್ತಿರ, ರೋಮನ್ನರದು 1.48, ಇಂಗ್ಲಿಷರದು 1.609. ಭೂಮಿಯ ಸುತ್ತಳತೆಯ ಒಂದು ಡಿಗ್ರಿಗೆ 56 ಮತ್ತು ಮೂರನೇ ಎರಡು ಮೈಲಿ ಎಂದು ಖಗೋಳಜ್ಞ ಅಲ್ ಫರ್ಗಾನಿ ಬರೆದದ್ದು ಅರಬ್ಬರ ಮೈಲಿಯಲ್ಲಿ. ಕೊಲಂಬಸ್ ಅದನ್ನು ಇಟಲಿಯ ಮೈಲಿ ಎಂದು ಓದಿಕೊಂಡ, ಭೂಮಿ ಅವನಿಗೆ ಕಾಲು ಭಾಗ ಚಿಕ್ಕದಾಗಿ ಕಂಡಿತು, 1492ರಲ್ಲಿ ಪಡುವಣಕ್ಕೆ ಹಡಗು ಬಿಟ್ಟ. ಹಳೆಯ ಗ್ರಂಥದಲ್ಲಿ ಅಥವಾ ಅನುವಾದದಲ್ಲಿ ಯೋಜನಕ್ಕೆ 8 ಮೈಲಿ ಎಂದು ಕಂಡರೆ ಯಾರ ಮೈಲಿ ಎಂದು ಕೇಳದೆ ಮುಂದೆ ಹೋಗಬೇಡ.

ಲೇಖನದ ಎರಡನೇ ಭಾಗಕ್ಕೆ ಹೆಚ್ಚು ತಿದ್ದುಪಡಿ ಇಲ್ಲ. ಇಲ್ಲಿ ಕೋಲು ಗೊತ್ತಿದೆ. ಖಗೋಳಮಾನಕ್ಕೆ 14,959 ಕೋಟಿ 78 ಲಕ್ಷ 70 ಸಾವಿರದ 700 ಮೀಟರ್ ಎಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2012ರಲ್ಲಿ ಗಟ್ಟಿ ಮಾಡಿತು. ಅಡಿಗೆ 0.3048 ಮೀಟರ್ ಎಂದು 1959ರಲ್ಲಿ ಗಟ್ಟಿಯಾಯಿತು. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್. ಇವುಗಳ ನಡುವಿನ ಪರಿವರ್ತನೆಯಲ್ಲಿ ಅನುಮಾನಕ್ಕೆ ಜಾಗವಿಲ್ಲ. ಆದರೆ ಈ ಖಗೋಳಮಾನ ಹುಟ್ಟಿದ್ದೇ ಭಾಗಾಕಾರದಿಂದ ಎಂಬುದನ್ನು ಒಂದು ಸಾಲಿನಲ್ಲಾದರೂ ಸೇರಿಸು. ಕೆಪ್ಲರ್ 1619ರಲ್ಲಿ ಮೂರನೇ ನಿಯಮ ಕೊಟ್ಟಾಗ ಗುರು ಸೂರ್ಯನಿಂದ ನಮಗಿಂತ 5.2 ಪಟ್ಟು ದೂರ ಎಂದು ಹೇಳಬಲ್ಲವನಾಗಿದ್ದ, ಎಷ್ಟು ಮೈಲಿ ಎಂದು ಹೇಳಲಾರದವನಾಗಿದ್ದ. ಆ ಮೈಲಿಗಾಗಿ 1672ರಲ್ಲಿ ಪ್ಯಾರಿಸ್ಸಿನಿಂದ ಕ್ಯಾಸಿನಿ, ದಕ್ಷಿಣ ಅಮೆರಿಕದ ಕಾಯೆನ್ನಿನಿಂದ ರಿಷೆ ಒಟ್ಟಿಗೆ ಮಂಗಳನನ್ನು ನೋಡಿದರು. 1761 ಮತ್ತು 1769ರಲ್ಲಿ ಶುಕ್ರ ಸಂಕ್ರಮಣಕ್ಕಾಗಿ ವಿಜ್ಞಾನಿಗಳು ಭೂಮಿಯ ಮೂಲೆ ಮೂಲೆಗೆ ಹೋದರು. ಕೊನೆಗೆ 1961ರಲ್ಲಿ ಶುಕ್ರನಿಗೆ ರೇಡಾರ್ ತಾಗಿಸಿ ಅಳೆದರು. ಅಷ್ಟೂ ಕಾಲ ಖಗೋಳ ವಿಜ್ಞಾನಿಗಳು ಕೋಲು ಗೊತ್ತಾಗುವ ತನಕ ಪ್ರಮಾಣದಲ್ಲೇ ಮಾತಾಡಿಕೊಂಡಿದ್ದರು.

ಎರಡು ಸಣ್ಣ ವಿಷಯ. ಮಿಲಿಯನ್‌ನಿಂದ ಕೋಟಿಗೆ ಬರುವಾಗ ಸೊನ್ನೆ ಜಾರುತ್ತದೆ, ಪತ್ರಿಕೆಗಳಲ್ಲೂ ನೋಡಿದ್ದೇನೆ. 150 ಮಿಲಿಯನ್ ಅಂದರೆ 15 ಕೋಟಿ. ಜ್ಯೋತಿರ್ವರ್ಷ 9.46 ಲಕ್ಷ ಕೋಟಿ ಕಿಲೋಮೀಟರ್, ಪಾರ್ಸೆಕ್ 30.86 ಲಕ್ಷ ಕೋಟಿ. ಪ್ರತಿ ಸಲವೂ 10ರ ಘಾತ ಬರೆದು ತಾಳೆ ನೋಡು. ಇನ್ನೊಂದು, ಅಂಕಿಗಳ ಉದ್ದ. ಮೂಗಿಗಿಂತ ಮೂಗುತಿ ಭಾರ ಆಗಬಾರದು. "ಸುಮಾರು 500 ಜ್ಯೋತಿರ್ವರ್ಷ" ಎಂದು ಗೊತ್ತಿರುವ ನಕ್ಷತ್ರಕ್ಕೆ ಕ್ಯಾಲ್ಕುಲೇಟರ್ ಕೊಟ್ಟ ಹತ್ತು ಅಂಕಿಯ ಕಿಲೋಮೀಟರ್ ಬರೆದರೆ, ನಮಗೆ ಗೊತ್ತಿಲ್ಲದ್ದನ್ನೂ ಗೊತ್ತು ಎಂದು ಹೇಳಿದಂತಾಗುತ್ತದೆ. ಯೋಜನಕ್ಕಂತೂ ದಶಮಾಂಶವೇ ಬೇಡ.

ಕೊನೆಗೆ ಒಂದು ಲೆಕ್ಕ ಕೊಡುತ್ತೇನೆ, ಮಕ್ಕಳ ಕೈಲಿ ಮಾಡಿಸು. ಒಂದು ಜ್ಯೋತಿರ್ವರ್ಷಕ್ಕೆ 63,241 ಖಗೋಳಮಾನ. ಒಂದು ಮೈಲಿಗೆ 63,360 ಇಂಚು. ಈ ಎರಡಕ್ಕೂ ಸಂಬಂಧವೇನೂ ಇಲ್ಲ, ಬರೀ ಕಾಕತಾಳೀಯ. ಆದರೂ ಪಾಠಕ್ಕೆ ಇಷ್ಟು ಅನುಕೂಲವಾದದ್ದು ಸಿಗುವುದು ಅಪರೂಪ. ಒಂದು ಪಟ ಬರೆಸು. ಅದರಲ್ಲಿ ಸೂರ್ಯನಿಂದ ಭೂಮಿಗೆ ಒಂದು ಇಂಚು ಎಂದಿಟ್ಟರೆ ಒಂದು ಜ್ಯೋತಿರ್ವರ್ಷ ಒಂದು ಮೈಲಿ. ನೆಪ್ಚೂನ್ 30 ಇಂಚು, ಕಪ್ಪು ಹಲಗೆಯ ಮೇಲೇ ಕೂರುತ್ತದೆ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ ಹದಿಮೂರು ಅಡಿ ದಾಟಿದೆ, ತರಗತಿಯ ಒಳಗೇ ಇದೆ. ಇನ್ನು ಹತ್ತಿರದ ನಕ್ಷತ್ರ ಪ್ರಾಕ್ಸಿಮಾ. ಅದರ ದೃಗ್ಭೇದ, ಅಂದರೆ ಅಲ್ಲಿಂದ ನೋಡಿದರೆ ಭೂಮಿ ಸೂರ್ಯರ ನಡುವಿನ ದೂರ ಕಾಣುವ ಕೋನ, 0.768 ವಿಕಲೆ ಎಂದು ಹಲಗೆಯ ಮೇಲೆ ಬರೆ. 1ನ್ನು ಅದರಿಂದ ಭಾಗಿಸಿದರೆ 1.302 ಪಾರ್ಸೆಕ್. 2,06,265ರಿಂದ ಗುಣಿಸಿದರೆ 2,68,500 ಚಿಲ್ಲರೆ ಖಗೋಳಮಾನ, ಅಂದರೆ ನಿಮ್ಮ ಪಟದಲ್ಲಿ ಅಷ್ಟೇ ಇಂಚು. ಅದನ್ನು ಮೈಲಿ ಮಾಡಿಸು: ನಾಲ್ಕು ಮೈಲಿ ಎರಡು ಫರ್ಲಾಂಗಿನ ಹತ್ತಿರ, ಕಿಲೋಮೀಟರಿನಲ್ಲಿ 6.8. ನಿಮ್ಮ ಶಾಲೆಯಿಂದ ಅಷ್ಟು ದೂರದಲ್ಲಿ ಯಾವ ಊರು ಬರುತ್ತದೆ ಎಂದು ಹುಡುಗರೇ ನಕ್ಷೆ ನೋಡಿ ಹೇಳಲಿ, ಪಟದ ಅಂಚಿನಲ್ಲಿ ಆ ಊರಿನ ಕಡೆಗೆ ಬಾಣ ಹಾಕಿ ಪ್ರಾಕ್ಸಿಮಾ ಎಂದು ಬರೆಯಲಿ. ಸೂರ್ಯನನ್ನು ಗುರುತಿಸಲು ಮಾತ್ರ ಚೂಪು ಮೊನೆಯ ಪೆನ್ಸಿಲ್ ಕೊಡು. ಆ ಅಳತೆಯಲ್ಲಿ ಅವನ ವ್ಯಾಸ ಕಾಲು ಮಿಲಿಮೀಟರೂ ಇರುವುದಿಲ್ಲ.